ಕಡೆಗೆ ಬಂದವನ ಅಂಗೈ

ನರಗುಂದದ ಬಂಡಾಯಕ್ಕೆ ಎರಡು ವರ್ಷ ಮೊದಲಿನ ಮಾತು. ಜಕ್ಕಲಿಯಲ್ಲಿ ಗುರುಸಂಗಯ್ಯನವರ ಸಾಲಿ ಎಂದರೆ ಮಠದ ಪಡಸಾಲೆ, ಬರೆಯಲು ನೆಲಕ್ಕೆ ಹರಡಿದ ಉಸುಕು, ಮೂಲೆಯಲ್ಲಿ ಒಂದು ಬೆತ್ತ. ಅಲ್ಲಿ ಯಾರು ಶಾಣ್ಯಾ, ಯಾರು ದಡ್ಡ ಎಂದು ತಿಳಿಯಲು ಓದಿಸಿ ನೋಡುವ ತ್ರಾಸೇ ಇರಲಿಲ್ಲ, ಅಂಗೈ ನೋಡಿದರೆ ಮುಗಿಯಿತು. ಮುಂಜಾನೆ ಎಲ್ಲರಿಗಿಂತ ಮೊದಲು ಬಂದವನ ಅಂಗೈ ಮೇಲೆ ಅಯ್ಯನವರು ಸುಣ್ಣದಲ್ಲಿ ಕಡ್ಡಿ ಅದ್ದಿ ‘ಸರಸ್ವತಿ’ ಎಂದು ಬರೆಯುತ್ತಿದ್ದರು. ಎರಡನೆಯವನಿಗೆ ಒಂದು ಸೊನ್ನೆ. ಹೊಗಳಿಕೆಯೂ ಇಲ್ಲ, ಬೈಗುಳವೂ ಇಲ್ಲ ಎಂದು ಅದರ ಅರ್ಥ. ಮೂರನೆಯವನಿಗೆ ಬೆತ್ತದ ಒಂದು ಏಟು, ನಾಲ್ಕನೆಯವನಿಗೆ ಎರಡು, ಹೀಗೆ ಏರುತ್ತ ಹೋಗಿ ಕಡೆಗೆ ಬಂದವನ ಗತಿಯನ್ನು ನೀವೇ ಲೆಕ್ಕ ಹಾಕಿಕೊಳ್ಳಿ. ನಾವು ಇಪ್ಪತ್ತು ಹುಡುಗರಿದ್ದೆವು.

ದಿನಾ ‘ಸರಸ್ವತಿ’ ಬರೆಸಿಕೊಂಡು ಮೆರೆಯುತ್ತಿದ್ದವನು ಕರೆಪ್ಪ. ಅವನ ಮನೆ ಮಠದ ಗೋಡೆಗೆ ಹತ್ತಿಕೊಂಡೇ ಇತ್ತು, ಹಾಸಿಗೆಯಿಂದ ಉರುಳಿದರೆ ಸಾಲಿ! ಎರಡನೆಯವನು ನಾನು, ಶಿವನಪ್ಪ. ನನ್ನ ಮನೆ ಕರೆಪ್ಪನ ಮನೆಯ ಆಚೆಗಿತ್ತು. ಒಂದು ಗೋಡೆಯ ಅಂತರದಲ್ಲಿ ನನಗೆ ಸರಸ್ವತಿ ತಪ್ಪಿ ದಿನಾ ಸೊನ್ನೆ ಬೀಳುತ್ತಿತ್ತು. ಆ ಸಿಟ್ಟು ನನಗೆ ಇನ್ನೂ ಹೋಗಿಲ್ಲ, ಹೋಗುವುದೂ ಬೇಡ.

ದಿನಾ ಕಡೆಗೆ ಬರುತ್ತಿದ್ದವನು ಅಂದಾನೆಪ್ಪ. ಮೀಸೆ ಚಿಗುರಿತ್ತು, ಸಣ್ಣ ಹುಡುಗರಿಗೆ ಮಗ್ಗಿ ಹೇಳಿಕೊಡುವ ಕೆಲಸವನ್ನು ಅಯ್ಯನವರು ಅವನಿಗೇ ಒಪ್ಪಿಸಿದ್ದರು. ಆದರೂ ಮುಂಜಾನೆ ಓಡುತ್ತ ಬಂದು, ತನ್ನ ಕೈಯಲ್ಲೇ ಕಲಿಯುವ ಚಿಕ್ಕ ಹುಡುಗರ ಎದುರಿಗೆ ಎರಡೂ ಅಂಗೈ ಚಾಚಿ ನಿಲ್ಲುತ್ತಿದ್ದ. ಏಟು ಬೀಳುವಾಗ ಮುಖ ಸೊಟ್ಟ ಮಾಡುತ್ತಿರಲಿಲ್ಲ. ಮುಗಿದ ಮೇಲೆ ಕೈ ಒಮ್ಮೆ ಝಾಡಿಸಿ, ಉಸುಕಿನ ಮೇಲೆ ಕೂತು, ಹುಡುಗರಿಗೆ ನಗುನಗುತ್ತಲೇ ‘ಒಂದೊಂದ್ಲೆ ಒಂದು’ ಶುರು ಮಾಡುತ್ತಿದ್ದ. ಅವನಷ್ಟು ಖುಷಿಯ ಮನುಷ್ಯನನ್ನು ನಾನು ಮತ್ತೆ ಕಂಡಿಲ್ಲ.

ಅವನು ತಡವಾಗಿ ಬರಲು ಕಾರಣ ಊರಿಗೆಲ್ಲ ಗೊತ್ತಿತ್ತು. ಕಾರಣದ ಹೆಸರು ಚಂದ್ರಿ. ಚಂದ್ರಿ ಅವರ ಮನೆಯ ಎಮ್ಮೆ. ಅಂದಾನೆಪ್ಪನ ತಾಯಿ ಕಳಕವ್ವ ಗಂಡನನ್ನು ಕಳಕೊಂಡವಳು. ಬೆಣ್ಣೆ ಮಾರಿ ಮನೆ ನಡೆಸುತ್ತಿದ್ದಳು. ಹಿಂದೊಮ್ಮೆ ಚಂದ್ರಿಯ ಕರು ಸತ್ತುಹೋಗಿ, ಅದು ತೊರೆ ಬಿಡುವುದನ್ನೇ, ಅಂದರೆ ಕೆಚ್ಚಲಿಗೆ ಹಾಲು ಇಳಿಸುವುದನ್ನೇ, ನಿಲ್ಲಿಸಿಬಿಟ್ಟಿತು. ಹಿಂಡಿ ಇಟ್ಟರು, ಹರಕೆ ಹೊತ್ತರು, ಏನು ಮಾಡಿದರೂ ಒಂದು ಹನಿ ಇಲ್ಲ. ಒಂದು ಮುಂಜಾನೆ ಅಂದಾನೆಪ್ಪ ಅದರ ಕೊರಳು ತಿಕ್ಕುತ್ತ, ಸಾಲಿಯಲ್ಲಿ ಒಪ್ಪಿಸಬೇಕಾದ ಸವಾಯಕಿಯನ್ನು, ಅಂದರೆ ಒಂದೂಕಾಲರ ಮಗ್ಗಿಯನ್ನು, ಅಯ್ಯನವರ ಧಾಟಿಯಲ್ಲೇ ಎಳೆದೆಳೆದು ಬಾಯಿಪಾಠ ಮಾಡುತ್ತಿದ್ದ. ಚಂದ್ರಿ ಕಿವಿ ತಿರುಗಿಸಿತು. ಮಗ್ಗಿ ಮುಗಿಯುವಷ್ಟರಲ್ಲಿ ಕಳಕವ್ವನ ಚರಿಗೆ ತುಂಬಿತ್ತು!

ಅಂದಿನಿಂದ ಅದೇ ಪದ್ಧತಿಯಾಯಿತು. ತಾಯಿ ಹಿಂಡಬೇಕು, ಮಗ ಕೊರಳ ಹತ್ತಿರ ನಿಂತು ಮಗ್ಗಿ ಹೇಳಬೇಕು. ಬರಬರುತ್ತ ಎಮ್ಮೆಗೆ ಸೊಕ್ಕು ಬಂದು ಸವಾಯಕಿ ಒಂದೇ ಸಾಲದಾಯಿತು, ಒಂದೂವರೆಯ ದೀಡಕಿಯೂ ಬೇಕಾಯಿತು. ಬೇಸಿಗೆಯಲ್ಲಂತೂ ಮಗ್ಗಿಯನ್ನು ಹಿಂದುಮುಂದಾಗಿ ಹೇಳಿದರೇನೇ ಹಾಲು. ಹಾಗಾಗಿ ಅಂದಾನೆಪ್ಪನಿಗೆ ಜಗತ್ತಿನ ಮಗ್ಗಿಯೆಲ್ಲ ಬಾಯಿಪಾಠ ಬರುತ್ತಿತ್ತು, ಸಾಲಿಗೆ ಬರುವುದು ಮಾತ್ರ ತಡವಾಗುತ್ತಿತ್ತು. ಎರಡಕ್ಕೂ ಎಮ್ಮೆಯೇ ಕಾರಣ. ಅಯ್ಯನವರಿಗೂ ಇದು ಗೊತ್ತಿತ್ತು. “ಎಮ್ಮಿ ಲೆಕ್ಕಾ ನಿಂದು, ತಡಾದ ಲೆಕ್ಕಾ ನಂದು. ಚಾಚು ಕೈ,” ಎನ್ನುತ್ತಿದ್ದರು.

ಹೀಗಿರುವಾಗ ಬಾಷಾಸಾಬ ಸುದ್ದಿ ತಂದ. ಬಾಷಾಸಾಬ ನಮ್ಮೂರಿನ ಬಾಡಿಗೆ ಬಂಡಿಯವನು. ಗಜೇಂದ್ರಗಡದ ಸೀರೆಯ ಗಂಟು, ಅಬ್ಬಿಗೇರಿಯ ಹತ್ತಿ, ಇಡೀ ಸೀಮೆಯ ಸುದ್ದಿ ಎಲ್ಲವೂ ಅವನ ಬಂಡಿಯಲ್ಲೇ ಬರುತ್ತಿದ್ದವು. ಧಾರವಾಡದಲ್ಲಿ ಸರಕಾರದವರು ಮಾಸ್ತರರನ್ನು ತಯಾರು ಮಾಡುವ ಸಾಲಿ ತೆಗೆದಿದ್ದಾರಂತೆ. ಊಟ, ವಸತಿ ಎಲ್ಲ ಅಲ್ಲೇ, ಕಲಿತು ಬಂದವನಿಗೆ ಮಾಸ್ತರಕಿ ಖಾಯಂ. ನಮ್ಮ ಸುತ್ತಿನ ಹಳ್ಳಿಗಳಿಂದ ಒಬ್ಬನನ್ನು ಆರಿಸಲು ಒಬ್ಬ ರಾಯರು ರೋಣಕ್ಕೆ ಬರುತ್ತಾರಂತೆ. ಅರ್ಧ ಬಾಯಿಪರೀಕ್ಷೆ, ಇನ್ನರ್ಧ ಹುಡುಗನ ನಿತ್ಯದ ನಡತೆ.

ಅಂದಾನೆಪ್ಪ ಈ ಮಾತು ಕೇಳಿ ಮೊದಲು ನಕ್ಕ. ಸಂಜೆ ನನ್ನ ಹೆಗಲ ಮೇಲೆ ಕೈ ಹಾಕಿ, “ಶಿವನ್ಯಾ, ನನಗ ಮಾಸ್ತರ ಆಗಬೇಕಂತ ಭಾಳ ಆಸೆ ಐತಿಲೇ. ಹುಡುಗೂರಿಗೆ ಕಲಸೂ ಮುಂದ ನನಗ ಹಸಿವಿನೂ ತಿಳಿಯಂಗಿಲ್ಲ,” ಎಂದ. ಅಷ್ಟು ಮೆಲ್ಲಗೆ ಅವನು ಮಾತಾಡಿದ್ದನ್ನು ನಾನು ಅದೇ ಮೊದಲು ಕೇಳಿದ್ದು.

ಮರುದಿನದಿಂದ ಊರಿಗೆ ಬೇರೆ ಕೆಲಸವೇ ಇಲ್ಲ! ಊರಬಾಗಿಲ ಅಗಸಿಯ ಕಟ್ಟೆಯ ಮೇಲೆ, ಬಾವಿಯ ದಂಡೆಯಲ್ಲಿ, ಕಣದಲ್ಲಿ, ಎಲ್ಲ ಕಡೆಯೂ ಅಂದಾನೆಪ್ಪನ ಜಾಗದ್ದೇ ಲೆಕ್ಕ. ಪರೀಕ್ಷೆಯಲ್ಲಿ ಅವನ ಕಡೆ ಎಂಟಾಣೆ ಆಸೆ ಹಿಡಿಯಿರಿ, ನಡತೆಯಲ್ಲಿ ಏನೂ ಇಲ್ಲ, ಆಗ ಒಟ್ಟಿಗೆ ಎಂಟಾಣೆ ಎಂದರು ಕೆಲವರು. ಮಗ್ಗಿ ಹಿಂದುಮುಂದಾಗಿ ಹೇಳಿದರೆ ಇನ್ನೆರಡಾಣೆ ಏರುತ್ತದೆ ಎಂದರು ಇನ್ನು ಕೆಲವರು. ಕರೆಪ್ಪನೂ ರೋಣಕ್ಕೆ ಹೊರಟಿದ್ದ. ಅವನಿಗೆ ನಡತೆಯಲ್ಲಿ ಪೂರಾ ಎಂಟಾಣೆ, ಪರೀಕ್ಷೆಯಲ್ಲಿ ಬರೀ ಗಾಳಿ. ಅಲ್ಲಿಗೆ ಇಬ್ಬರದೂ ಸರಿಸಮ ಎಂದು ಯಾರೋ ಅಂದದ್ದಕ್ಕೆ ಕಟ್ಟೆಯ ಮೇಲೆ ರುಮಾಲು ಹಾರಾಡಿದವು. ಅಯ್ಯನವರನ್ನು ಕೇಳಿದರೆ, “ನಾಕಾಣೆ,” ಎಂದು ಬಾಗಿಲು ಹಾಕಿಕೊಂಡರು.

ಆಗ ಬಾಷಾಸಾಬ ಮತ್ತೊಂದು ಸುದ್ದಿ ತಂದು ಊರನ್ನೇ ಅಲ್ಲಾಡಿಸಿದ. ನರಗುಂದದ ಹಾದಿಯ ಧರ್ಮಶಾಲೆಯಲ್ಲಿ ಆ ರಾಯರು ಆ ಕಡೆಯ ಹುಡುಗರನ್ನು ನೋಡುತ್ತಿದ್ದುದನ್ನು ಅವನು ಕಣ್ಣಾರೆ ಕಂಡಿದ್ದ.

“ಅಂಗೈ ತಿರುವಿ ತಿರುವಿ ನೋಡತಾರ! ಬೆರಳಿನ ಸಂದ್ಯಾಗಿಂದೂ ಬಿಡಂಗಿಲ್ಲ!” ಎಂದ.

ಇನ್ನೇನು ಬೇಕು? ನಮಗೆ ಅಂಗೈ ಎಂದರೆ ನಡತೆ, ನಡತೆ ಎಂದರೆ ಅಂಗೈ. ಧಾರವಾಡದವರೂ ಹಾಗೆಯೇ ನೋಡುತ್ತಾರೆ ಎಂಬುದರಲ್ಲಿ ಜಕ್ಕಲಿಯ ಒಂದು ನರಪಿಳ್ಳೆಗೂ ಸಂಶಯ ಬರಲಿಲ್ಲ. ಅಂದಾನೆಪ್ಪನ ಅಂಗೈಯೋ, ವರ್ಷಗಟ್ಟಲೆ ಏಟು ತಿಂದು ಗಟ್ಟಿಯಾಗಿ ಬಾಸುಂಡೆ ನಿಂತುಬಿಟ್ಟಿತ್ತು. ಕಳಕವ್ವ ಬೆಣ್ಣೆ ತಿಕ್ಕಿದಳು. ಪಕ್ಕದ ಮನೆಯ ಮಾನವ್ವ ಅರಿಷಿಣ ಹಚ್ಚಿದಳು. ಯಾರೋ ಹರಳೆಣ್ಣೆ ತಂದರು. ಕೈ ಘಮಘಮ ಎಂದಿತೇ ಹೊರತು ಗುರುತು ಹೋಗಲಿಲ್ಲ. ಕೊನೆಗೆ ಬಾಷಾಸಾಬನ ಹೆಂಡತಿ ರಾಜಮಾ ಮುಂದೆ ಬಂದು, “ಸರೀರಿ ಎಲ್ಲಾರೂ, ಮದರಂಗಿ ಹಚ್ಚತೇನಿ. ಅದರ ಕೆಳಗ ಏನೈತಿ ಅಂತ ದೇವರಿಗೂ ತಿಳೀಬಾರದು,” ಎಂದು ಎರಡೂ ಅಂಗೈಗೆ ಬಳಿದು ಬಟ್ಟೆ ಕಟ್ಟಿದಳು. ಬಿಚ್ಚಿದಾಗ ಅಂಗೈ ಕೆಂಪಗೆ ಝಗಝಗಿಸಿತು. ಓಣಿಯ ಹೆಂಗಸರು ಅವನನ್ನು ಮದುಮಗ ಎಂದು ಕಾಡಿದರು, ಒಬ್ಬಳು ಸೋಬಾನೆಯನ್ನೇ ಎತ್ತಿಬಿಟ್ಟಳು. ಅಂದಾನೆಪ್ಪ ಬಿದ್ದುಬಿದ್ದು ನಕ್ಕ.

ರೋಣಕ್ಕೆ ಹಿಂದಿನ ದಿನವೇ ಹೊರಡಬೇಕಿತ್ತು. ಅಂದಮೇಲೆ ಮರುದಿನ ಮುಂಜಾನೆಯ ಹಾಲು? ಚಂದ್ರಿಯನ್ನೂ ಕರೆದುಕೊಂಡು ಹೋಗುವುದೆಂದು ತೀರ್ಮಾನವಾಯಿತು! ಬಂಡಿಯಲ್ಲಿ ಮಡಿ ಧೋತರ ಉಟ್ಟು ಅಯ್ಯನವರು, ಅವರ ಎದುರಿಗೆ ಕಳಕವ್ವ, ನಾನು, ಅಂಗೈಯ ಸರಸ್ವತಿ ಅಳಿಸಬಾರದೆಂದು ಮುಷ್ಟಿ ಕಟ್ಟಿ ಕೂತ ಕರೆಪ್ಪ. ಬಂಡಿಯ ಹಿಂದೆ ಹಗ್ಗ ಕಟ್ಟಿದ ಚಂದ್ರಿ, ಅದರ ಜೋಡಿ ನಡೆದು ಬರುವ ಕೆಂಪು ಅಂಗೈಯ ಅಂದಾನೆಪ್ಪ. ಹಾದಿಯಲ್ಲಿ ಸಿಕ್ಕವರೆಲ್ಲ ವರದಕ್ಷಿಣೆಗೆ ಎಮ್ಮೆ ಬಂತೇನು ಎಂದು ಕೇಳಿದರು. ಅಯ್ಯನವರೊಬ್ಬರೇ ನಗಲಿಲ್ಲ. ಹಾದಿಯುದ್ದಕ್ಕೂ ಬಾಯಲ್ಲಿ ಏನೋ ಗುಣುಗುಣು ಜಪ. ಈ ಮುದುಕನಿಗೆ ಅಂದಾನೆಪ್ಪನ ಮೇಲೆ ನಮ್ಮೆಲ್ಲರಿಗಿಂತ ಹೆಚ್ಚು ಆಸೆ ಇದೆ ಎಂದು ನನಗೆ ಹೊಳೆದದ್ದು ಆ ಬಂಡಿಯಲ್ಲಿ.

ಮರುದಿನ ರೋಣದ ಚಾವಡಿಯಲ್ಲಿ ಪರೀಕ್ಷೆ ಶುರುವಾಯಿತು. ಅಂದಾನೆಪ್ಪ ಎಲ್ಲಿ? ಪರಸ್ಥಳದಲ್ಲಿ ಚಂದ್ರಿಗೆ ಮುನಿಸು ಬಂದಿತ್ತು, ಎಷ್ಟು ಮಗ್ಗಿ ಹೇಳಿದರೂ ತೊರೆ ಬಿಡಲೊಲ್ಲದು. ಅಷ್ಟರಲ್ಲಿ ಕರೆಪ್ಪನ ಸರದಿ ಬಂತು. ಏಳಕ್ಕೆ ಸವಾಯಿ ಎಷ್ಟು ಎಂದು ರಾಯರು ಕೇಳಿದರು. ಕರೆಪ್ಪ ಬೆವತು, ಮೆಲ್ಲಗೆ ಮುಷ್ಟಿ ಬಿಚ್ಚಿ ಅಂಗೈ ತೋರಿಸಿದ. ಸರಸ್ವತಿ ಅರ್ಧ ಅಳಿಸಿಹೋಗಿತ್ತು. ರಾಯರು ಅದನ್ನು ನೋಡಿ, ಅವನ ಮುಖ ನೋಡಿ, “ಹೋಗಿ ನೀರು ಕುಡೀಪ್ಪಾ,” ಎಂದರು.

ಎಲ್ಲರದೂ ಮುಗಿದ ಮೇಲೆ, ಮೊಣಕೈತನಕ ಹಾಲಿನ ಹನಿ ಸಿಡಿಸಿಕೊಂಡು ಅಂದಾನೆಪ್ಪ ಓಡುತ್ತ ಬಂದ. ಇಲ್ಲಿಯೂ ಕಡೆಯವನೇ!

ಆದರೆ ಪರೀಕ್ಷೆ ಎಂದರೆ ಅದು! ಹದಿನೇಳಕ್ಕೆ ಸವಾಯಿ ಎಂದು ರಾಯರ ಬಾಯಿ ಮುಚ್ಚುವುದರೊಳಗೆ, “ಸವಾ ಇಪ್ಪತ್ತೊಂದ್ರಿ!” ಹತ್ತೊಂಬತ್ತಕ್ಕೆ ದೀಡ? “ಇಪ್ಪತ್ತೆಂಟೂವರಿ!” ಹಿಂದುಮುಂದಾಗಿ? ಬೇಸಿಗೆಯ ಚಂದ್ರಿಗೆ ಹೇಳಿದ ಹಾಗೆ ಸರಾಗ ಹೇಳಿದ. ರಾಯರು ಮುಂದಕ್ಕೆ ಬಾಗಿದರು. ಅಲ್ಲಿ ಆಡುತ್ತಿದ್ದ ಒಂದು ಪುಟ್ಟ ಮಗುವನ್ನು ಕರೆದು ಇದಕ್ಕೊಂದು ಅಕ್ಷರ ಕಲಿಸು ಎಂದರು. ಅಂದಾನೆಪ್ಪ ನೆಲದ ಮೇಲೆ ಕೂತು, ಮಗುವಿನ ಬೆರಳು ಹಿಡಿದು ಧೂಳಿನಲ್ಲಿ ತಿದ್ದಿಸಿದ. ಮಗು ತಾನೇ ಮತ್ತೊಂದು ಬರೆದು ಕೇಕೆ ಹಾಕಿತು, ಅವನೂ ಕೇಕೆ ಹಾಕಿದ. ಬಾಷಾಸಾಬ ನನ್ನ ಕಿವಿಯಲ್ಲಿ, “ಹನ್ನೆರಡಾಣೆ!” ಎಂದ. ನನಗೆ ಕುಣಿಯುವ ಹಾಗಾಗಿತ್ತು.

“ಎಲ್ಲಿ, ಕೈ ತೋರಸು,” ಎಂದರು ರಾಯರು.

ಅಂದಾನೆಪ್ಪ ತೋರಿಸಿದ. ರಾಯರು ಹಾವು ತುಳಿದವರಂತೆ ಹಿಂದೆ ಸರಿದರು. “ಏನಿದು? ಕಜ್ಜಿ ಮುಚ್ಚಲಿಕ್ಕೆ ಬಣ್ಣಾ ಹಚ್ಚೀರೇನು? ಧಾರವಾಡದಾಗ ಎಲ್ಲಾರೂ ಒಂದ ಮನ್ಯಾಗ ಮಲಗಾವ್ರು ಇದ್ದಾರ. ಕಜ್ಜಿ ಇದ್ದವರು ಬ್ಯಾಡಂತನಽ ನಾನು ಊರೂರಾಗ ಕೈ ನೋಡಲಿಕ್ಕೆ ಹತ್ತೇನಿ!”

ಜಕ್ಕಲಿಯವರೆಲ್ಲ ಬಾಷಾಸಾಬನ ಕಡೆ ನೋಡಿದೆವು. ಬಾಷಾಸಾಬ ಚಾವಡಿಯ ಜಂತಿ ಎಣಿಸುತ್ತಿದ್ದ.

“ಕಜ್ಜಿ ಅಲ್ರಿ, ಬೆತ್ತದ ಬಾಸುಂಡಿ,” ಎಂದ ಅಂದಾನೆಪ್ಪ. ಇನ್ನು ಮುಚ್ಚಿಡುವುದು ಏನೂ ಉಳಿಯಲಿಲ್ಲ. ಎಮ್ಮೆ, ಮಗ್ಗಿ, ತಡ ಎಲ್ಲವನ್ನೂ ನಗುತ್ತಲೇ ಹೇಳಿದ. ರಾಯರು ಅಯ್ಯನವರ ಕಡೆ ತಿರುಗಿದರು.

“ಇಷ್ಟು ಶಾಣ್ಯಾ ಹುಡುಗಗ ದಿನಾ ಹೊಡದೀರೇನ್ರಿ?”

“ಹೊಡದೇನ್ರಿ. ದಿನಾ ಕಡೀಗೆ ಬರತಾನ. ಸುಳ್ಳು ಹೇಳಂಗಿಲ್ಲ,” ಎಂದರು ಅಯ್ಯನವರು.

ರಾಯರು ಆಮೇಲೆ ಹೇಳಿದ ಮಾತಿಗೆ ಸಿಟ್ಟು ಮಾಡುವಂತೆಯೂ ಇರಲಿಲ್ಲ. “ನೋಡಪ್ಪಾ, ಪರೀಕ್ಷಾ ಹದಿನಾರಾಣೆ ಛಲೋ ಆತು. ಆದರ ನೀ ಧಾರವಾಡಕ್ಕ ಬಂದ್ರ ಎಮ್ಮಿಗೆ ಮಗ್ಗಿ ಹೇಳೋರು ಯಾರು? ತಾಯಿ ಉಪವಾಸ ಅಂತ ಸುದ್ದಿ ಬಂದ ದಿನಾನಽ ನೀ ಊರಿಗೆ ಓಡತಿ. ಅರ್ಧಕ್ಕ ಬಿಡಾವಗ ಜಾಗಾ ಕೊಟ್ಟು ಇನ್ನೊಬ್ಬಂದು ಯಾಕ ಕಳೀಲಿ? ಸಂಜೀತನಕಾ ಕಾಯತೇನಿ. ನೀ ಇಲ್ದಽ ಆ ಎಮ್ಮಿ ಹಾಲು ಕೊಡಲಿ, ಜಾಗಾ ನಿಂದು.”

ಸಂಜೆ ಚಾವಡಿಯ ಮುಂದಿನ ಬಯಲಿನಲ್ಲಿ ರೋಣಕ್ಕೆ ರೋಣವೇ ನೆರೆದಿತ್ತು. ನಡುವೆ ಚಂದ್ರಿ, ಚರಿಗೆ ಹಿಡಿದು ಕೂತ ಕಳಕವ್ವ. ಅಂದಾನೆಪ್ಪನನ್ನು ರಾಯರು ತಮ್ಮ ಪಕ್ಕದಲ್ಲೇ ಕೂರಿಸಿಕೊಂಡು ಬಾಯಿಗೆ ವಸ್ತ್ರ ಕಟ್ಟಿಸಿದ್ದರು, ಅಲ್ಲಿಂದಲೇ ಹೇಳಿಬಿಟ್ಟಾನೆಂದು.

ಮೊದಲು ನಾನು ಹೋದೆ. ಗೆಳೆಯನಿಗಾಗಿ ಜೀವ ಕೊಡುವ ಹುಮ್ಮಸ್ಸಿನಲ್ಲಿ ಒಂದರ ಸವಾಯಿ, ಎರಡರ ಸವಾಯಿ ಹೇಳಿದೆ. ಮೂರರ ಸವಾಯಿ ಮೂರೂಮುಕ್ಕಾಲು ಎನ್ನುವ ಬದಲು ನಾಲ್ಕೂವರೆ ಎಂದದ್ದೇ ತಡ, ಚಂದ್ರಿ ಜಾಡಿಸಿ ಒದ್ದಿತು. ಎಮ್ಮೆಗೆ ಲೆಕ್ಕ ಬರುತ್ತದೋ, ನನ್ನ ಧಾಟಿ ಸೇರಲಿಲ್ಲವೋ ಎಂಬ ವಾದ ನಮ್ಮೂರಲ್ಲಿ ಇನ್ನೂ ಮುಗಿದಿಲ್ಲ. ಆಮೇಲೆ ಕರೆಪ್ಪ ಹೋದ. ಮಗ್ಗಿ ಬಾರದೆ ಜೋಗುಳ ಹಾಡಿದ. ಚಂದ್ರಿ ಸಗಣಿಯ ಬಾಲದಿಂದ ಅವನ ಮುಖ ಒರೆಸಿತು. ಬಾಷಾಸಾಬ ಹೋಗಿ ತನ್ನ ಬಂಡಿಯ ಧಾಟಿಯಲ್ಲಿ ಕೂಗಿದ. ಚಂದ್ರಿ ಅಲ್ಲಾಡಲಿಲ್ಲ, ಆಚೆ ಬೇವಿನ ಗಿಡದ ಕೆಳಗಿದ್ದ ಅವನ ಎತ್ತುಗಳು ಎದ್ದು ಹೊರಟೇಬಿಟ್ಟವು! ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ನಾನೂ ನಗುತ್ತಿದ್ದೆ. ಆಗ ಕಳಕವ್ವನನ್ನು ನೋಡಿದೆ. ಅವಳು ಚಂದ್ರಿಯ ಕಾಲು ಹಿಡಿದು, “ಬಿಡಽ ನಮ್ಮವ್ವಾ, ನನ್ನ ಮಗಾ ಹೋಗಲಿ, ಬಿಡಽ,” ಎಂದು ಬೇಡುತ್ತಿದ್ದಳು. ಹೊತ್ತು ಮುಳುಗುತ್ತಿತ್ತು. ಅಂದಾನೆಪ್ಪನ ಮುಖದಲ್ಲಿ ಮೊದಲ ಸಲ ನಗು ಇರಲಿಲ್ಲ.

“ಸರೀರೋ ಅತ್ತಾಗ!”

ಜನ ಸರಿದರು. ಅಯ್ಯನವರು ಮಡಿ ಧೋತರವನ್ನು ಮೊಣಕಾಲ ಮೇಲಕ್ಕೆ ಎತ್ತಿ ಕಟ್ಟಿ, ಸಗಣಿ ತುಳಿಯುತ್ತ, ಎಮ್ಮೆಯ ಕೊರಳ ಹತ್ತಿರ ಹೋಗಿ ನಿಂತರು. ಜೀವಮಾನದಲ್ಲಿ ಅವರು ಎಮ್ಮೆ ಮುಟ್ಟಿದ್ದನ್ನು ಯಾರೂ ಕಂಡಿರಲಿಲ್ಲ. ಕೈ ಅತ್ತಿತ್ತ ಆಡಿಸಿ, ಕೊನೆಗೆ ಕೊರಳ ಮೇಲಿಟ್ಟರು.

“ಚರಿಗಿ ಹಿಡಿ, ಕಳಕವ್ವಾ,” ಎಂದು ಮೂಗಿನಲ್ಲಿ ರಾಗ ಎಳೆದರು. “ಒಂದ ಸವಾಯಿ ಸವಾ... ಎರಡ ಸವಾಯಿ ಎರಡೂವರಿ... ಮೂರ ಸವಾಯಿ ಪಾವ ಕಮ್ಮಿ ನಾಕು...”

ಅಂದಾನೆಪ್ಪನ ಧಾಟಿಯೇ. ಅಲ್ಲ, ಅವನದು ಇವರ ಧಾಟಿ! ಚಂದ್ರಿ ಕಿವಿ ತಿರುಗಿಸಿತು. ನಾಲ್ಕ ಸವಾಯಿ ಐದು ಎನ್ನುವಾಗ ಚರಿಗೆಯಲ್ಲಿ ಚುರ್ ಎಂದಿತು. ಆಮೇಲೆ ಚುರ್, ಚುರ್, ಚುರ್! ನಾನು ಕರೆಪ್ಪನನ್ನು ಅಪ್ಪಿ ಎತ್ತಿದೆ, ಬಾಷಾಸಾಬ ರುಮಾಲು ಹಾರಿಸಿದ, ಗೊತ್ತಿಲ್ಲದ ಮಂದಿಯೆಲ್ಲ ಗೊತ್ತಿಲ್ಲದವರ ಹೆಗಲ ಮೇಲೆ ಹತ್ತಿದರು. ಅಯ್ಯನವರು ಯಾರನ್ನೂ ನೋಡದೆ, ಕಣ್ಣು ಮುಚ್ಚಿ, ದೀಡಕಿಗೆ ಏರಿದರು.

ರಾಯರು ಕಣ್ಣು ಒರೆಸಿಕೊಳ್ಳುತ್ತ, “ಅಲ್ರೀ ಅಯ್ಯನವರ, ಹಿಂಗ ದಿನಾ ಮುಂಜಾನಿ ಹೇಳಬೇಕಾಗತದ. ಆಗೂದಽ ನಿಮ್ಮ ಕಡಿಂದ?” ಎಂದು ಕೇಳಿದರು.

“ಆಗತೈತ್ರಿ,” ಎಂದರು ಅಯ್ಯನವರು, ಮಗ್ಗಿ ತಪ್ಪದಂತೆ ನಡುವೆಯೇ.

ಅಂದಾನೆಪ್ಪ ಧಾರವಾಡಕ್ಕೆ ಹೋದ. ಕಲಿತು ಬಂದು ಯಾವಗಲ್ ಎಂಬ ಊರಿನಲ್ಲಿ ಮಾಸ್ತರನಾದ, ಅಲ್ಲಿಯೇ ಮುದುಕನಾದ. ತಡವಾಗಿ ಬಂದ ಹುಡುಗರನ್ನು ಮಗ್ಗುಲಲ್ಲಿ ಕೂರಿಸಿಕೊಂಡು ಮನೆಯಲ್ಲಿ ಯಾವ ದನ ಇದೆ, ಯಾರಿಗೆ ಆರಾಮಿಲ್ಲ ಎಂದು ಮೊದಲು ವಿಚಾರಿಸುತ್ತಿದ್ದನೆಂದು ಆ ಊರಿನವರು ಈಗಲೂ ಹೇಳುತ್ತಾರೆ. ಅದೆಲ್ಲ ಯಾವಗಲ್ಲಿನವರು ಕಂಡದ್ದು. ನಾನು ಕಂಡದ್ದು ಅವನು ಹೋದ ಮರುದಿನದ ಮುಂಜಾನೆಯನ್ನು.

ನಾವೆಲ್ಲ ಸಾಲಿಗೆ ಬಂದು ಕೂತಿದ್ದೆವು. ಕರೆಪ್ಪ ಮೊದಲು, ನಾನು ಎರಡನೆಯವನು, ಉಳಿದವರು ಅವರವರ ಸರದಿಯಂತೆ. ಆದರೆ ಅಂಗೈಗೆ ಬರೆಯುವವರೇ ಇಲ್ಲ! ಬಿಸಿಲು ಪಡಸಾಲೆಯೊಳಕ್ಕೆ ಬಂದ ಮೇಲೆ ಅಯ್ಯನವರು ಏದುಸಿರು ಬಿಡುತ್ತ ಬಂದರು. ಧೋತರದ ಮೇಲೆ ಸಗಣಿಯ ಬಾಲದ ಗುರುತು, ಗಡ್ಡದಲ್ಲಿ ಹಾಲಿನ ನೊರೆ. ಕಿಸಕ್ಕೆಂದು ಯಾರೋ ನಕ್ಕರು. ಅಯ್ಯನವರು ಮೂಲೆಗೆ ಹೋಗಿ ಬೆತ್ತ ತೆಗೆದುಕೊಂಡು, ನಮ್ಮ ಸಾಲನ್ನು ಈ ತುದಿಯಿಂದ ಆ ತುದಿಗೆ ನೋಡಿದರು. ಕಡೆಗೆ ಬಂದವರು ಯಾರೆಂದು ಅವರಿಗೆ ಆಗ ಹೊಳೆಯಿತು.

ಬೆತ್ತವನ್ನು ಕರೆಪ್ಪನ ಕೈಯಲ್ಲಿ ಇಟ್ಟು, ತಮ್ಮ ಎರಡೂ ಅಂಗೈ ಚಾಚಿ ನಿಂತರು.

“ಹೊಡಿ. ಎಲ್ಲಾರಿಗೂ ಒಂದಽ ರೀತಿ.”

ಕರೆಪ್ಪ ಬೆತ್ತ ಬಿಸಾಕಿ ಹೋ ಎಂದು ಅಳತೊಡಗಿದ. ಅಯ್ಯನವರು ಕೈ ಹಿಂದಕ್ಕೆ ತೆಗೆಯಲೊಲ್ಲರು. ನನಗೆ ಎಲ್ಲಿಂದ ಧೈರ್ಯ ಬಂತೋ, ಎದ್ದು ಹೋಗಿ ಕಡ್ಡಿಯನ್ನು ಸುಣ್ಣದಲ್ಲಿ ಅದ್ದಿ, ಆ ಅಂಗೈ ಮೇಲೆ ನನಗೆ ಚೆನ್ನಾಗಿ ಗೊತ್ತಿದ್ದ ಒಂದೇ ಒಂದು ಗುರುತನ್ನು ಬರೆದೆ. ಒಂದು ಸೊನ್ನೆ. ಹೊಗಳಿಕೆಯೂ ಇಲ್ಲ, ಬೈಗುಳವೂ ಇಲ್ಲ.

ಅಯ್ಯನವರು ಅದನ್ನು ನೋಡುತ್ತ ನಿಂತರು. “ಅಂದಾನೆಪ್ಪಗ ಒಂದ ದಿನಾನೂ ಇಷ್ಟು ಬರೀಲಿಲ್ಲಲ್ಲೋ ನಾನು,” ಎಂದರು. ಕಣ್ಣು ಒರೆಸಿಕೊಳ್ಳಲು ಹೋಗಿ ಸುಣ್ಣದ ಕೈಯನ್ನೇ ಕಣ್ಣಿಗೆ ಒಯ್ದು, ಉರಿಯಿಂದ ಕುಣಿದಾಡಿ, “ನೀರು ತರ್ರೋ!” ಎಂದು ಚೀರಿದರು. ನಾವು ಬಿದ್ದುಬಿದ್ದು ನಕ್ಕೆವು, ಅವರೂ ನಕ್ಕರು. ಅವರ ಹಲ್ಲನ್ನು ನಾವು ಕಂಡದ್ದು ಅಂದೇ ಮೊದಲು. ಮುಖ ತೊಳೆದುಕೊಂಡು, ಕೆಂಪು ಕಣ್ಣಿನಿಂದ ಬಂದು ಕೂತು, ಬೆತ್ತವನ್ನು ಗವಾಕ್ಷಿಯಿಂದ ಹೊರಗೆ ಎಸೆದು, “ಹೇಳ್ರಿ ಸವಾಯಕಿ,” ಎಂದರು. ನಾವು ಹೇಳಿದೆವು, ಮಠದ ಹಂಚು ಹಾರುವ ಹಾಗೆ. ಮೂರರ ಸವಾಯಿ ಅಂದು ನನಗೂ ತಪ್ಪಲಿಲ್ಲ.